ಮೇಜರ್ ಓದಿದ ಮೇಲೆ, ಮೈನರ್ ಓದುವ ಮುಂಚೆ

ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ನಾನು ಮೂವತ್ತೊಂದು ವರ್ಷ ವಾಚಕನಾಗಿದ್ದೆ. ಹೆಸರಿನ ಮುಂದೆ ಪದವಿಯ ಬಾಲ ಕಟ್ಟಿಕೊಂಡವರು ಆ ಕೆಲಸಕ್ಕೆ ನಡೆಯುವುದಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಓದು ಬಿಟ್ಟವನು. ಆದ್ದರಿಂದಲೇ ನನ್ನ ಬಾಯಿ ಬೇಕಾಯಿತು. ಎರಡನೆಯ ವರ್ಷದ ಕೊನೆಗೆ ಹುಡುಗ ಹುಡುಗಿಯರು ದೊಡ್ಡ ಸಭಾಂಗಣದಲ್ಲಿ ಸಾಲುಗಟ್ಟುತ್ತಾರೆ. ವಾಚಕನು ಒಬ್ಬೊಬ್ಬರ ಕಾಗದವನ್ನೂ ಕೈಗೆತ್ತಿಕೊಂಡು ಮೊದಲು ಹೆಸರು, ಆಮೇಲೆ ಮೇಜರ್, ಆಮೇಲೆ ಮೈನರ್ ಓದುತ್ತಾನೆ. ಮೈನರ್ ವಿಷಯದ ಕೊನೆಯ ಅಕ್ಷರ ವಾಚಕನ ಬಾಯಿಂದ ಹೊರಬಿದ್ದ ಕ್ಷಣಕ್ಕೆ ಎದುರಿಗೆ ನಿಂತವರ ದನಿ ಗೊತ್ತುಪಡಿಸಿದ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಸಾಯುವ ತನಕ ಮೇಜರ್ ವಿಷಯದಲ್ಲಿ ಅವರಿಗೆ ತುಂಬು ದನಿ, ಮೈನರ್ ವಿಷಯದಲ್ಲಿ ಅರ್ಧ ದನಿ. ಉಳಿದ ಯಾವ ಮಾತಿಗೂ ತುಟಿ ಆಡುತ್ತದೆ, ಸಪ್ಪಳ ಬರುವುದಿಲ್ಲ. ಬರೆಯಲು ಹೋದರೆ ಮಸಿಯೂ ಕಾಗದಕ್ಕೆ ಇಳಿಯುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ನಲವತ್ತೆರಡು ವಿಷಯಗಳಿವೆ. ಎಲ್ಲದರ ಹೆಸರನ್ನೂ ಒಂದೇ ಬಾಯಿಂದ ಹೇಳಬಲ್ಲ ಪ್ರಾಧ್ಯಾಪಕ ಅಲ್ಲಿ ಒಬ್ಬನೂ ಇಲ್ಲ. ಹೀಗಾಗಿ ಅಷ್ಟು ದೊಡ್ಡ ಕಟ್ಟಡದವರು ವರ್ಷಕ್ಕೊಮ್ಮೆ ನನ್ನಂಥ ಅರೆಬರೆ ಓದಿದವನ ಮನೆಗೆ ಜೀಪು ಕಳಿಸುತ್ತಿದ್ದರು.

ಊರಿನವರು ಇದಕ್ಕೆ ಹೊಂದಿಕೊಂಡ ರೀತಿಯನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಪರಿಸರ ಅಧ್ಯಯನ ಎಂಬ ಎರಡು ಕ್ರೆಡಿಟ್ಟಿನ ಕಡ್ಡಾಯ ವಿಷಯ ಎಲ್ಲರಿಗೂ ಉಂಟು. ಎರಡು ಕ್ರೆಡಿಟ್ಟಿಗೆ ಸೊಳ್ಳೆ ಗುಂಯ್‌ಗುಡುವಷ್ಟು ದನಿ ಉಳಿಯುತ್ತದೆ. ಆದ್ದರಿಂದ ಬೀಗರು ಬೀಗರನ್ನು ಕಂಡರೂ, ಹಳೆಯ ಗೆಳೆಯರು ಕೂಡಿದರೂ, ಗಂಡಹೆಂಡಿರು ಮುನಿಸಿಕೊಂಡರೂ ಆಡುವುದು ಪ್ಲಾಸ್ಟಿಕ್ಕಿನ ಮಾತು. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಗಂಡನ ಮುಖಕ್ಕೆ ಬೆರಳು ಚಾಚಿ, “ಪ್ಲಾಸ್ಟಿಕ್ ಮಣ್ಣಾಗಾಕ ನಾಕನೂರು ವರ್ಷ ಬೇಕು!” ಎಂದು ಗುಂಯ್‌ಗುಟ್ಟಿದರೆ, ಅತ್ತೆ ಇನ್ನೂ ಊರಿಗೆ ಹೊರಟಿಲ್ಲವೆಂದು ಓಣಿಗೆಲ್ಲ ತಿಳಿಯುತ್ತದೆ. ಒಬ್ಬ ವಕೀಲರ ಮಗ ಡಬಲ್ ಮೇಜರ್ ಮಾಡಿದ. ಒಂದು ಭೌತಶಾಸ್ತ್ರ, ಒಂದು ಸಂಗೀತ. ತಾಯಿ ಊರಿಗೆಲ್ಲ ಪೇಢೆ ಹಂಚಿದಳು. ಈಗ ಅವನಿಗೆ ಹಸಿವಾದರೆ ಘರ್ಷಣೆಯ ನಿಯಮವನ್ನು ರಾಗವಾಗಿ ಹಾಡುತ್ತಾನೆ. ತಾಯಿ ರೊಟ್ಟಿ ಬಡಿಸುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಮೇಜರ್ ತಪ್ಪಾಯಿತು, ಬದಲಿಸಿ ಕೊಡಿ ಎಂದು ಹೋದರೆ ಒಂದು ವರ್ಷ ಪೂರ್ತಿ ಯಾವ ದನಿಯೂ ಇಲ್ಲದೆ ಕೂಡಬೇಕು. ಹಾಗೆ ಕೂತ ಮೂವರನ್ನು ನೋಡಿದ್ದೇನೆ. ಎರಡನೆಯ ಸಲ ಅವರ ಕಾಗದ ಓದುವಾಗ ಅವರಿಗೆ ಯಾವ ವಿಷಯವಾದರೂ ಒಂದೇ ಆಗಿತ್ತು.

ಹಾಗಾದರೆ ಜನ ಯಾಕೆ ಹೋಗುತ್ತಾರೆಂದು ಕೇಳಬೇಡಿ. ಪದವಿ ಇಲ್ಲದವನಿಗೆ ಕಚೇರಿಯಲ್ಲಿ ಕೆಲಸವಿಲ್ಲ, ಹೆಣ್ಣು ಕೊಡುವವರಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವವರು, ಕ್ಷೌರಿಕರು, ನನ್ನಂಥ ಮುದುಕರು ಮಾತ್ರ ಎಲ್ಲವನ್ನೂ ಮಾತಾಡುತ್ತೇವೆ. ನಮ್ಮನ್ನು ಪದವೀಧರರು ಗದ್ದಲದವರೆಂದು ಎಣಿಸುತ್ತಾರೆ.

ನನ್ನ ಮಗಳು ಶಶಿಕಲಾ ಈ ಮಾಘಮಾಸದಲ್ಲಿ ತೀರಿಕೊಂಡಳು. ಅವಳಿಗೆ ನಲವತ್ತನಾಲ್ಕು ವರ್ಷ. ಅವಳ ತಾಯಿ ಮೊದಲೇ ಶಿವನ ಪಾದ ಸೇರಿದ್ದರಿಂದ ಅವಳನ್ನು ಎತ್ತಿ ಆಡಿಸಿದವನು, ಬೈದವನು, ಓದಿಸಿದವನು ಎಲ್ಲ ನಾನೇ. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು, “ಅಪ್ಪಾ, ನಾ ಕನ್ನಡ ತೊಗೋತೇನಿ,” ಎಂದಳು. “ಕನ್ನಡ ಮನಿಯಾಗ ಐತಿ, ಅದಕ್ಕ ಕಾಲೇಜು ಯಾಕ?” ಎಂದೆ. ಮಳೆಮಾಪನ ಕಚೇರಿಯಲ್ಲಿ ಜಾಗ ಖಾಲಿ ಇದೆಯೆಂದು ಯಾರೋ ಹೇಳಿದ್ದರು. ಮೇಜರ್ ಸಂಖ್ಯಾಶಾಸ್ತ್ರ, ಮೈನರ್ ಅರ್ಥಶಾಸ್ತ್ರ ಎಂದು ಬರೆಸಿದೆ, ಪಾಲಕರ ಸಹಿ ಹಾಕಿದೆ. ಅವಳ ಕಾಗದವನ್ನು ಸಭಾಂಗಣದಲ್ಲಿ ಓದಿದವನೂ ನಾನೇ. ಮಗಳ ಹೆಸರು ಬಂದಾಗ ದನಿ ತುಸು ಏರಿಸಿ ಓದಿದೆನೆಂದು ಆಮೇಲೆ ನಾಲ್ಕು ಮಂದಿ ಹೊಗಳಿದರು. ನಾನು ಮೀಸೆ ತೀಡಿಕೊಂಡೆ.

ಅವಳಿಗೆ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಅಳಿಯ ಮುರಿಗೆಪ್ಪನದು ಭೂವಿಜ್ಞಾನ. ಮನೆಯೊಳಗೆ ಒಂದು ಕಡೆ ಅಂಕಿಗಳು, ಇನ್ನೊಂದು ಕಡೆ ಕಲ್ಲುಗಳು. ಮೊಮ್ಮಗಳು ಭುವನಾ ಹುಟ್ಟಿದಾಗ ಜೋಗುಳ ಹಾಡಿದವನು ನಾನು. ಸಂಜೆ ಲಿಂಗಪೂಜೆಗೆ ಕೂತಾಗ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಪ್ರಾರ್ಥನೆ ಹೇಳಿಕೊಟ್ಟವನು ನಾನು. ಶಶಿಕಲಾ ಪಡಸಾಲೆಯ ಕಂಬಕ್ಕೆ ಒರಗಿ ನಮ್ಮೊಡನೆ ತುಟಿ ಆಡಿಸುತ್ತಿದ್ದಳು. ಕಚೇರಿಯಿಂದ ಬಂದು ಅವಳು ಆಡುವ ಮಾತೆಂದರೆ ನೂರಕ್ಕೆ ಇಷ್ಟು, ಸರಾಸರಿ ಅಷ್ಟು. ಮಳೆ ಬರುತ್ತದೋ ಇಲ್ಲವೋ ತಿಳಿಯಲು ಓಣಿಯವರು ಬಾಗಿಲಿಗೆ ಬಂದು ಅವಳ ಅಂಕಿ ಕೇಳಿಕೊಂಡು ಹೋಗುತ್ತಿದ್ದರು. ಉಳಿದ ಅಂಕಿಗಳನ್ನು ಇಪ್ಪತ್ತು ವರ್ಷ ಕೇಳಿ ಕೇಳಿ ನಾವು ಕಿವಿಗೊಡುವುದನ್ನು ಬಿಟ್ಟಿದ್ದೆವು.

ಮಾಘದ ಒಂದು ಮಂಗಳವಾರ ಅವಳು ಹೊಟ್ಟೆ ಹಿಡಿದುಕೊಂಡು ಮಲಗಿದಳು. “ನೂರಕ್ಕ ಅರವತ್ತು,” ಎಂದಳು. ಬುಧವಾರ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ನೋವು ಯಾವಾಗ ಶುರುವಾಯಿತು, ಹೇಗೆ ಏರುತ್ತಿದೆ ಎಂದು ಅವರು ತುಂಬು ದನಿಯಲ್ಲಿ ಕೇಳಿದರು. ಅವಳು ತುಂಬು ದನಿಯಲ್ಲಿಯೇ ಉತ್ತರ ಕೊಟ್ಟಳು: ಇಷ್ಟು ಗಂಟೆಗೆ ಇಷ್ಟು ಪಟ್ಟು, ಏರಿಕೆಯ ದರ ಇಷ್ಟು, ಪ್ರಸರಣ ಇಷ್ಟು. ಅವರು ತಮ್ಮ ಕೈಗಡಿಯಾರ ನೋಡಿಕೊಂಡು ಅಜೀರ್ಣಕ್ಕೆ ಗುಳಿಗೆ ಬರೆದರು. ಆ ದಿನ ಅವಳು ನೂರಕ್ಕೆ ನಲವತ್ತು ಎಂದಳು. ಶುಕ್ರವಾರ ಬೆಳಿಗ್ಗೆ ನನ್ನ ಮುಂಗೈ ಹಿಡಿದುಕೊಂಡು, “ನೂರಕ್ಕ ಒಂಬತ್ತು,” ಎಂದಳು. ಬಿಡಲಿಲ್ಲ, ಮತ್ತೆ ಮತ್ತೆ ಅದನ್ನೇ ಹೇಳಿದಳು. “ಚಲೋ ಆತು ಬಿಡವಾ, ಮಳಿ ಬರೂದಿಲ್ಲ. ಮೆಣಸಿನಕಾಯಿ ಒಣಾ ಹಾಕ್ತೇನಿ,” ಎಂದು ಕೈ ಬಿಡಿಸಿಕೊಂಡು ಮಾಳಿಗೆ ಹತ್ತಿದೆ. ಓಣಿಯವರಿಗೂ ಕೂಗಿ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮಾಳಿಗೆಯೂ ಕೆಂಪಾಗಿತ್ತು. ಸಂಜೆ ಅವಳನ್ನು ದವಾಖಾನೆಗೆ ಹೊತ್ತುಕೊಂಡು ಹೋದೆವು. ಹೊಟ್ಟೆಯೊಳಗೆ ಏನೋ ಒಡೆದಿದೆಯೆಂದರು. ಶನಿವಾರ ಸೂರ್ಯ ನೆತ್ತಿಗೆ ಬರುವ ಮೊದಲೇ ಎಲ್ಲ ಮುಗಿಯಿತು.

ಮುರಿಗೆಪ್ಪ ಹೆಣದ ತಲೆಯ ಹತ್ತಿರ ನಿಂತು, “ತಳದ ಬಂಡೆಗಲ್ಲು ಕುಸೀತು,” ಎಂದ. ಇಡೀ ಅಂಗಳಕ್ಕೆ ಕೇಳಿಸುವಂತೆ ಹೇಳಿದ. ಕಟ್ಟಿಕೊಂಡ ಹೆಂಡತಿಯನ್ನು ಕಲ್ಲು ಎಂದವನನ್ನು ನೋಡಿ ನನ್ನ ಮೈ ಉರಿಯಿತು. ನೆರೆಮನೆಯ ನೀಲಗಂಗವ್ವ ಮಾತ್ರ, “ಕಡೀತನಕ ಕರೆಕ್ಟ್ ಹೇಳಿದ್ಲು ನೋಡ್ರಿ. ಒಂದ ಹನಿ ಬಿದ್ದಿಲ್ಲ,” ಎಂದು ಅತ್ತಳು. ನಾನು ಸೋಮವಾರವೇ ವಿಶ್ವವಿದ್ಯಾಲಯಕ್ಕೆ ಹೋಗಿ ವಾಚಕನ ಶಾಲನ್ನು ಮೇಜಿನ ಮೇಲೆ ಇಟ್ಟು ಬಂದೆ. ಕುಲಸಚಿವ ಹಂಚಿನಾಳರದು ಸಸ್ಯಶಾಸ್ತ್ರ. ಅವರು ಕನಿಕರದಿಂದ ನನ್ನ ಬೆನ್ನು ಸವರಿ, “ಎಲಿ ಉದುರತಾವ್ರಿ,” ಎಂದರು. ಎಂಥ ಸಮಾಧಾನ!

ಭುವನಾ ಆಗ ನಾಲ್ಕನೆಯ ಸೆಮಿಸ್ಟರಿನಲ್ಲಿದ್ದಳು. ತಾಯಿ ಮಲಗಿದ ವಾರ ಪರೀಕ್ಷೆಯೆಂದು ವಸತಿಗೃಹದಲ್ಲಿದ್ದವಳು ಮಣ್ಣಿಗೆ ಬಂದಳು, ಮತ್ತೆ ವಸತಿಗೃಹಕ್ಕೆ ಹೋಗಲಿಲ್ಲ. ಒಂದು ತಿಂಗಳು ಯಾರೊಡನೆಯೂ ಹೆಚ್ಚು ಮಾತಾಡದೆ ತಾಯಿಯ ಸಂಖ್ಯಾಶಾಸ್ತ್ರದ ಒಂದು ದಪ್ಪ ಪುಸ್ತಕ ಹಿಡಿದು ಕೂತಿದ್ದಳು. ಒಂದು ದಿನ ನಾನು ಜೋಳ ಹಸನು ಮಾಡುತ್ತಿದ್ದಾಗ ಬಂದು ಎದುರಿಗೆ ಕೂತಳು.

“ಅಜ್ಜಾ, ಅವ್ವ ಮಂಗಳವಾರ ಏನಂದ್ಲು?”

“ನೂರಕ್ಕ ಅರವತ್ತು ಅಂದ್ಲು. ಮಳಿ ಬರೂದು.”

“ಶುಕ್ರವಾರ?”

“ಒಂಬತ್ತು. ಎಷ್ಟ ಸಲ ಕೇಳ್ತಿ?”

“ಮಾಘದಾಗ ಮಳಿ ನೂರಕ್ಕ ಅರವತ್ತು ಎಂದಾದ್ರೂ ಇತ್ತೇನು ಅಜ್ಜಾ? ಕಚೇರಿ ಪುಸ್ತಕ ನೋಡಿ ಬಂದೇನಿ. ಆ ವಾರ ಮಳಿ ನೂರಕ್ಕ ಎರಡು ಇತ್ತು, ಏಳೂ ದಿನ ಎರಡ.” ಅವಳು ಮೊರದೊಳಗಿನ ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕೆ ಇಟ್ಟಳು. “ಅವ್ವ ಮಳಿ ಹೇಳಿಲ್ಲ. ತಾನು ಉಳಿಯೂದು ಎಷ್ಟು ಅಂತ ಹೇಳ್ಯಾಳ.”

ನಾನು ಮೊರ ಕೆಳಗಿಟ್ಟೆ. ಆ ದಿನ ಜೋಳ ಹಸನಾಗಲಿಲ್ಲ. ದೇವರ ಮನೆಯ ಬಾಗಿಲು ತೆಗೆದು ಒಳಗೆ ಹೋಗುವುದಕ್ಕೂ ನನಗೆ ಧೈರ್ಯ ಬರಲಿಲ್ಲ.

ಎರಡು ದಿನ ಬಿಟ್ಟು ಅವಳು ತನ್ನ ಕಾಗದ ತಂದು ತೋರಿಸಿದಳು. ಮೇಜರ್ ಶುಶ್ರೂಷಾ ವಿಜ್ಞಾನ, ಮೈನರ್ ಸಂಖ್ಯಾಶಾಸ್ತ್ರ. ಪಾಲಕರ ಸಹಿ ಎಂಬಲ್ಲಿ ಮುರಿಗೆಪ್ಪ ಸಹಿ ಮಾಡಿದ್ದ. ನಾನು ಕೂಗಾಡಿದೆ. ಸಂಖ್ಯಾಶಾಸ್ತ್ರದ ಹೆಸರನ್ನು ಈ ಮನೆಯೊಳಗೆ ಎತ್ತಬೇಡ ಎಂದೆ. ನಿಮ್ಮವ್ವನನ್ನು ತಿಂದದ್ದು ಸಾಲದೆ ಎಂದೆ. ಕೂಗಿ ದಣಿದ ಮೇಲೆ ಅಸಲು ಮಾತಿಗೆ ಬಂದೆ. “ನೀ ಕಾಲೇಜು ಬಿಡು ಅಂತ ನಾ ಹೇಳೂದಿಲ್ಲ. ಮೇಜರ್ ನಿನ್ನ ಮನಸಿಗೆ ಬಂದದ್ದ ತೊಗೊ. ಮೈನರ್ ಧರ್ಮಶಾಸ್ತ್ರ ತೊಗೊಳ್ಳವಾ. ಅರ್ಧ ದನಿ ಆದ್ರೂ ಇರ್ಲಿ. ಸಂಜಿಗೆ ನನ್ನ ಜೋಡಿ ಶಿವನ ಹೆಸರು ಹೇಳಾಕ ಯಾರದಾರ? ನಿಮ್ಮವ್ವ ಕಂಬಕ್ಕ ಒರಗಿ ತುಟಿ ಅಳ್ಳಾಡಿಸಿದ್ದು ನೋಡಿ ನೋಡಿ ಸಾಕಾಗೇತಿ ನನಗ.”

“ಶಿವಗ ದನಿ ಬೇಕೇನು ಅಜ್ಜಾ?”

“ಅಂದ್ರ?”

“ಅವ್ವ ತುಟಿ ಅಳ್ಳಾಡಿಸಿದ್ದು ಅವಗ ಕೇಳ್ಸಿಲ್ಲಂತ ಹೇಳು ನೋಡೋಣು.”

ನಾನು ಕೊರಳ ಲಿಂಗವನ್ನು ಹಿಡಿದುಕೊಂಡೆ.

“ಅಂವ ಕೇಳ್ಸಿಕೊಳ್ತಾನ,” ಎಂದಳು. “ಡಾಕ್ಟರ್ ಕೇಳ್ಸಿಕೊಳ್ಳಂಗಿಲ್ಲ. ಈ ಊರಾಗ ಅಂಕಿಯಾಗ ಮಾತಾಡವ್ರು ಮುನ್ನೂರು ಮಂದಿ ಅದಾರ. ಅವರು ಹೇಳಿದ್ದು ಡಾಕ್ಟರಿಗೆ ತಿಳಿಯುವಂಗ ಹೇಳಾಕ ಒಬ್ಬಾಕಿ ಬೇಕು. ಎರಡೂ ಗೊತ್ತಿದ್ದಾಕಿ.”

ಮಾತಿನಲ್ಲಿ ನಾನು ಸೋತೆ. ಆದರೆ ಸೋತವನು ಸುಮ್ಮನಿರುತ್ತಾನೆಂದು ಯಾರು ಹೇಳಿದರು? ಮರುದಿನ ನಾನು ಒಬ್ಬನೇ ವಿಶ್ವವಿದ್ಯಾಲಯದ ಸಲಹೆಗಾರ್ತಿಯನ್ನು ನೋಡಲು ಹೋದೆ. ವಿದ್ಯಾರ್ಥಿಗಳಿಗೆ ಯಾವ ಮೇಜರಿಗೆ ಯಾವ ಮೈನರ್ ಎಂದು ಹೇಳುವುದೇ ಅವರ ಕೆಲಸ. ಅವರದು ಶಿಕ್ಷಣಶಾಸ್ತ್ರವಾದ್ದರಿಂದ ಕ್ರೆಡಿಟ್ಟು, ಸೆಮಿಸ್ಟರು, ಪಠ್ಯಕ್ರಮಗಳ ವಿಷಯದಲ್ಲಿ ಅವರ ದನಿ ಗಂಟೆ ಬಾರಿಸಿದ ಹಾಗೆ. ನಮಸ್ಕಾರಕ್ಕೆ ಮಾತ್ರ ತುಟಿ ಅಲುಗಿತು.

“ಅಕ್ಕಾರ, ನಮ್ಮ ಹುಡುಗಿಗೆ ಶುಶ್ರೂಷಾ ಜೋಡಿ ಧರ್ಮಶಾಸ್ತ್ರ ಹಾಕ್ರಿ,” ಎಂದೆ.

“ಮೈನರ್ ಅಂದ್ರ ಮೇಜರಿಗೆ ಊರುಗೋಲು ಇದ್ದಂಗ್ರಿ. ಮೇಜರಿಗೆ ಎಂಬತ್ತು ಕ್ರೆಡಿಟ್, ಮೈನರಿಗೆ ಇಪ್ಪತ್ತನಾಲ್ಕು. ಒಂದಕ್ಕೊಂದು ಕೂಡಿ ಬರಬೇಕು.”

“ಸಾಯೋರ ಹತ್ರ ನಿಂದ್ರೂ ಕೆಲಸ ಅದು. ದೇವರು ಕೂಡಿ ಬರಂಗಿಲ್ಲೇನ್ರಿ?”

ಅವರು ಗೋಡೆಯ ಮೇಲಿನ ಪಟ್ಟಿಯ ಮೇಲೆ ಬೆರಳಾಡಿಸಿದರು. “ಧರ್ಮಶಾಸ್ತ್ರ ಹನ್ನೊಂದು ಗಂಟೆಕ್ಕ. ಅಂಗರಚನಾನೂ ಹನ್ನೊಂದಕ್ಕ. ವೇಳಾಪಟ್ಟಿ ಕೂಡೂದಿಲ್ರಿ.”

“ಹನ್ನೆರಡಕ್ಕ ಇಡ್ರಿ.”

“ಹನ್ನೆರಡಕ್ಕ ಊಟದ ಬಿಡುವು.”

ಹೀಗೆ ಜಗತ್ತನ್ನು ಹೊತ್ತವನಿಗೆ ವೇಳಾಪಟ್ಟಿಯಲ್ಲಿ ಜಾಗ ಸಿಗಲಿಲ್ಲ, ಉಪ್ಪಿಟ್ಟಿಗೆ ಸಿಕ್ಕಿತು. ನಾನು ಮೆಟ್ಟಿಲು ಇಳಿಯುತ್ತ ಆ ಕಟ್ಟಡವನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯ ಮೆಟ್ಟಿಲ ಹತ್ತಿರ ನನಗೆ ಕಲ್ಲಪ್ಪನ ನೆನಪಾಯಿತು. ಅವನು ನನ್ನ ಜೊತೆಗಿದ್ದ ಇನ್ನೊಬ್ಬ ವಾಚಕ, ಹೋದ ವರ್ಷ ತೀರಿಕೊಂಡ. ಒಮ್ಮೆ ಕನ್ನಡಕ ಒಡೆದುಕೊಂಡು ಬಂದವನು ಸಾಲು ತಪ್ಪಿ, ದೈಹಿಕ ಶಿಕ್ಷಣ ಬೇಡಿದ ಪೈಲವಾನ ಹುಡುಗನಿಗೆ ಗೃಹವಿಜ್ಞಾನ ಎಂದು ಓದಿಬಿಟ್ಟ. ಓದಿದ್ದೇ ಖರೆ. ಕಾಗದದಲ್ಲಿ ಏನಿದ್ದರೂ ವಾಚಕನ ಬಾಯಿಂದ ಬಂದದ್ದು ನಿಲ್ಲುತ್ತದೆ. ಅದಕ್ಕೆ ಅಪೀಲು ಇಲ್ಲ. ಆ ಪೈಲವಾನ ಈಗಲೂ ಗರಡಿಮನೆಯ ಕಟ್ಟೆಯ ಮೇಲೆ ಕೂತು ನಿಂಬೆ ಉಪ್ಪಿನಕಾಯಿಗೆ ಬೂಸು ಹಿಡಿಯದ ಹಾಗೆ ಏನು ಮಾಡಬೇಕೆಂದು ಗುಡುಗುತ್ತಾನೆ.

ನಾನು ತಿರುಗಿ ಮೆಟ್ಟಿಲು ಹತ್ತಿ ಹಂಚಿನಾಳರ ಕೋಣೆಗೆ ಹೋದೆ. ಈ ವರ್ಷ ಮತ್ತೆ ನಾನೇ ಓದುತ್ತೇನೆಂದೆ. ಅವರಿಗೆ ಬೇರೆ ವಾಚಕ ಸಿಕ್ಕಿರಲಿಲ್ಲ. ಹಿಗ್ಗಿನಿಂದ, “ಬೇರು ಚಿಗುರಿತು! ಬೇರು ಚಿಗುರಿತು!” ಎಂದು ಕೂಗಿ ಶಾಲನ್ನು ತಾವೇ ನನ್ನ ಹೆಗಲಿಗೆ ಹಾಕಿದರು. ದೇವರ ಕೆಲಸಕ್ಕೆ ಒಂದು ಸುಳ್ಳು ಓದಿದರೆ ಪಾಪ ಹತ್ತುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ದಿನವೂ ಪೂಜೆಯಲ್ಲಿ ಅವನಿಗೂ ಅದನ್ನೇ ಹೇಳಿದೆ. ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ವಾಚನದ ದಿನ ಬೆಳಿಗ್ಗೆ ಹತ್ತಕ್ಕೆ ಸಭಾಂಗಣ ತುಂಬಿತ್ತು. ಇನ್ನೂರ ಹತ್ತು ಕಾಗದಗಳಿದ್ದವು. ತಂದೆತಾಯಿಗಳು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಮುರಿಗೆಪ್ಪನೂ ಬಂದಿದ್ದ. ಮೇಲೆ ವೇದಿಕೆಯಲ್ಲಿ ಪ್ರಾಧ್ಯಾಪಕರು ನಿಲುವಂಗಿ ತೊಟ್ಟು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ಪ್ಲಾಸ್ಟಿಕ್ಕಿನ ವಿಷಯ ಗುಂಯ್‌ಗುಡುತ್ತ ಕೂತಿದ್ದರು. ನಾನು ವಿಭೂತಿ ಹಚ್ಚಿಕೊಂಡು ಹೋಗಿದ್ದೆ. ಹೆಸರು, ಮೇಜರ್, ಮೈನರ್. ಹೆಸರು, ಮೇಜರ್, ಮೈನರ್. ಒಬ್ಬ ಹುಡುಗ ಆ ಕಡೆಯಿಂದ ಮೆಟ್ಟಿಲು ಹತ್ತುವಾಗ ಗೆಳೆಯನಿಗೆ, “ಲೇ, ಸಂಜಿಗೆ ಮಿರ್ಚಿ ತಿನ್ನಾಕ ಹೋಗೂಣು,” ಎಂದವನು ಈ ಕಡೆ ಇಳಿಯುವಾಗ, “ರಾಜ್ಯಪಾಲರ ವಿವೇಚನಾಧಿಕಾರ,” ಎಂದು ಕೂಗಿ ತಾನೇ ಬೆಚ್ಚಿಬಿದ್ದ. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ನಾನು ಆ ಚಪ್ಪಾಳೆಯನ್ನು ನನಗೂ ಸೇರಿಸಿಕೊಳ್ಳುತ್ತಿದ್ದೆ.

ಅರವತ್ತೆಂಟನೆಯ ಕಾಗದ ಅವಳದು. ಭುವನಾ ಮೆಟ್ಟಿಲು ಹತ್ತಿ ಬಂದು ಎದುರಿಗೆ ನಿಂತಳು. ತಾಯಿಯ ಹಸಿರು ಸೀರೆ ಉಟ್ಟಿದ್ದಳು.

“ಭುವನಾ ಮುರಿಗೆಪ್ಪ,” ಎಂದು ಓದಿದೆ. “ಮೇಜರ್, ಶುಶ್ರೂಷಾ ವಿಜ್ಞಾನ.”

ಮುಂದಿನ ಸಾಲಿನಲ್ಲಿ ಸಂಖ್ಯಾಶಾಸ್ತ್ರ ಎಂದಿತ್ತು. ನನ್ನ ಬಾಯಲ್ಲಿ ಧರ್ಮಶಾಸ್ತ್ರ ಸಿದ್ಧವಾಗಿತ್ತು. ಮೈನರ್ ಎಂದು ಹೇಳಿ ಮುಂದಿನ ಒಂದು ಹೆಸರು ಹೇಳಿದರೆ ಮುಗಿಯಿತು. ನಾಲಿಗೆ ಅಲುಗಲಿಲ್ಲ. ಯಾವ ವಿಷಯ ಓದಿದರೂ ಆ ಕೊನೆಯ ಅಕ್ಷರಕ್ಕೆ ಅವಳ ದನಿ ಹೋಗುತ್ತದೆ. ಧರ್ಮಶಾಸ್ತ್ರ ಎಂದರೂ ಅಜ್ಜ ಎಂಬ ಮಾತು ಅದರಲ್ಲಿ ಬರುವುದಿಲ್ಲ. ಅಷ್ಟು ದಿನ ಯೋಚಿಸಿದವನಿಗೆ ಅದು ಹೊಳೆದದ್ದು ಆಗ. ನಾನು ಕಾಗದ ಹಿಡಿದು ನಿಂತುಬಿಟ್ಟೆ.

“ಯಾಕ ನಿಂತಿ ಅಜ್ಜಾ?” ಎಂದಳು.

“ಕನ್ನಡಕ ಮಬ್ಬಾಗೇತಿ.”

“ಸುಳ್ಳು. ನಿನ್ನೆ ನಾನ ಒರಸಿಟ್ಟೇನಿ.”

ಸಾಲಿನಲ್ಲಿ ನಿಂತ ಹುಡುಗರು ಕಿಸಕ್ಕನೆ ನಕ್ಕರು. ಹಂಚಿನಾಳರು ಕುರ್ಚಿಯ ತುದಿಗೆ ಬಂದು ಕೂತರು.

“ಬ್ಯಾರೆ ಏನರ ಓದಬೇಕಂತ ಮಾಡಿಯಲ್ಲ?” ಎಂದು ಅವಳು ದನಿ ತಗ್ಗಿಸಿ ಕೇಳಿದಳು. “ನನಗ ಗೊತ್ತೈತಿ. ನೀ ಪೂಜಿಯಾಗ ದೇವರಿಗೆ ಹೇಳೂದು ಅಡಗಿಮನೀತನಕ ಕೇಳಿಸ್ತೈತಿ.”

“ಕೇಳಿಸ್ಯೂ ಬಂದು ನಿಂತೀಯಲ್ಲ?”

“ನಿಂತೇನಿ.”

“ಏನರ ಮಾತಾಡವಾ,” ಎಂದೆ. “ಏನರ ಆಗ್ಲಿ. ನೀ ಮಾತಾಡೂತನಕ ನಾ ಓದೂದಿಲ್ಲ, ಹಿಂಗ ನಿಂದಿರ್ತೇನಿ.”

ಕುಲಸಚಿವರು ಎದ್ದೇ ನಿಂತರು. “ಕಳೆ!” ಎಂದು ಗರ್ಜಿಸಿದರು. “ಕಳೆ ಬೆಳೀತು! ಕೀಳ್ರಿ! ಬುಡಸಮೇತ ಕೀಳ್ರಿ!” ಬಾಗಿಲಲ್ಲಿ ನಿಂತ ಇಬ್ಬರು ಜವಾನರು ಎರಡು ಹೆಜ್ಜೆ ಮುಂದೆ ಬಂದರು. ನನ್ನನ್ನು ಎಳೆದುಕೊಂಡು ಹೋದರೆ ಉಳಿದ ನೂರ ನಲವತ್ತೆರಡು ಕಾಗದ ಓದುವವರು ಯಾರು? ಅವರು ಹಾಗೆಯೇ ನಿಂತರು. ಪ್ರಾಧ್ಯಾಪಕರು ಒಬ್ಬೊಬ್ಬರೂ ತಂತಮ್ಮ ವಿಷಯದಲ್ಲಿ ಸಿಟ್ಟುಮಾಡತೊಡಗಿದರು. ಒಬ್ಬರು ಅತಿಕ್ರಮಣ ಎಂದರು, ಒಬ್ಬರು ಜಡತ್ವ ಎಂದರು, ಒಬ್ಬರು ಹಣದುಬ್ಬರ ಎಂದು ಕೂಗಿದರು. ಮೂವತ್ತೊಂದು ವರ್ಷ ಇವರಿಗೆ ಹೆದರಿ ಬಗ್ಗಿ ನಡೆದಿದ್ದೆನಲ್ಲ ಎಂದು ನನಗೆ ಹೇಸಿಕೆ ಬಂತು.

ಭುವನಾ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮನೆಯ ಪಡಸಾಲೆಯಲ್ಲಿ ಕೂತ ಹಾಗೆ ಮಾತಾಡಿದಳು.

“ಹಾಲಿನಾಕಿಗೆ ಇನ್ನ ಮ್ಯಾಲ ಅರ್ಧ ಲೀಟರ್ ಸಾಕು ಅನ್ನು, ಉಳದದ್ದು ಕೆಡಾಕತ್ತೈತಿ. ನಿನ್ನ ಬಿಳಿ ಧೋತ್ರ ಟ್ರಂಕಿನ್ಯಾಗ ಐತಿ, ಕಪಾಟಿನ್ಯಾಗ ಹುಡುಕಬ್ಯಾಡ. ಸಂಜಿಗೆ ಪೂಜಿಗೆ ಕೂತಾಗ ನಾ ಬಂದು ಬಾಜೂಕ ಕೂಡ್ತೇನಿ. ನೀ ಗಟ್ಟಿಯಾಗಿ ಹೇಳು, ನನ್ನ ಪಾಲಿಂದೂ ಹೇಳು. ಅಪ್ಪನ ಜೋಡಿ ಜಗಳಾ ಬ್ಯಾಡ. ಅಂವ ಕಲ್ಲಂದಾಗ ನಿನಗ ಸಿಟ್ಟು ಬರ್ತೈತಿ. ಅಂವ ಅವ್ವಗ ಅದಕಿಂತ ದೊಡ್ಡ ಮಾತು ಎಲ್ಲಿಂದ ತರಬೇಕು ಹೇಳು?”

ಹಿಂದಿನ ಬೆಂಚಿನಲ್ಲಿ ಮುರಿಗೆಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದು ಕಾಣಿಸಿತು. ಕುಲಸಚಿವರು ಇನ್ನೂ ಕಳೆ, ಕಳೆ ಎನ್ನುತ್ತಿದ್ದರು. ಆದರೆ ಸಾಲಿನ ಹುಡುಗರು ನಗುವುದನ್ನು ನಿಲ್ಲಿಸಿದ್ದರು. ಕೆಲವರು ಸಾಲು ಬಿಟ್ಟು ತಮ್ಮ ತಂದೆತಾಯಿಗಳ ಬೆಂಚಿಗೆ ಓಡಿಹೋಗಿ ಏನೋ ಹೇಳತೊಡಗಿದ್ದರು. ಸಭಾಂಗಣದಲ್ಲಿ ಅಷ್ಟು ಗದ್ದಲವನ್ನು ನಾನು ಎಂದೂ ಕೇಳಿರಲಿಲ್ಲ.

“ಇನ್ನೂ?” ಎಂದೆ.

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. “ಅವ್ವನ ಕಾಗದ ಓದಿದವ ನೀನ. ಅದನ್ನ ನಾ ಮರಿಯೂದಿಲ್ಲ ಅಜ್ಜಾ. ಮರತೇನಿ ಅಂತ ಸುಳ್ಳು ಹೇಳೂದಿಲ್ಲ. ಆದ್ರ ನನ್ನದೂ ನೀನ ಓದಬೇಕು. ಬ್ಯಾರೆಯವರ ಬಾಯಿಂದ ಬ್ಯಾಡ.”

“ಹೆಂಗ ಓದ್ಲಿ?”

“ಬರದಂಗ ಓದು.”

ನಾನು ಮತ್ತೂ ನಿಂತೆ. ಒಂದು ಇಡೀ ದಿನ ನಿಲ್ಲಬಲ್ಲೆ ಎನಿಸಿತ್ತು. ನನ್ನ ಕಾಲು ಮಾತ್ರ ಒಪ್ಪಲಿಲ್ಲ, ಪಕ್ಕದ ಮೇಜಿಗೆ ಕೈ ಊರಿದೆ. ಅವಳು ಅದನ್ನು ನೋಡಿದಳು.

“ಸಾಕು. ಓದು ಅಜ್ಜಾ,” ಎಂದಳು.

“ಮೈನರ್,” ಎಂದೆ. ಉಸಿರು ತೆಗೆದುಕೊಂಡೆ. “ಸಂಖ್ಯಾಶಾಸ್ತ್ರ.”

ಅವಳ ತುಟಿ ಅಲುಗಿತು. ಎರಡು ಅಕ್ಷರ. ಏನೂ ಕೇಳಿಸಲಿಲ್ಲ. ಚಪ್ಪಾಳೆ ತಟ್ಟುವುದು ಯಾರಿಗೂ ನೆನಪಾಗಲಿಲ್ಲ. ಹಂಚಿನಾಳರು ಬೆವರು ಒರೆಸಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತು ಮುಂದಿನ ಕಾಗದದ ಕಡೆ ಬೆರಳು ತೋರಿಸಿದರು. ನಾನು ಅದನ್ನು ಎತ್ತಿಕೊಳ್ಳಲು ಹೋದೆ, ಕೈಯಿಂದ ಜಾರಿ ಕೆಳಗೆ ಬಿತ್ತು. ಭುವನಾ ಆಚೆ ಕಡೆ ಇಳಿಯಲಿಲ್ಲ. ನನ್ನ ಹತ್ತಿರ ಬಂದು ಮುಂಗೈ ಹಿಡಿದಳು, ಮೂರು ಬೆರಳು ಒತ್ತಿಟ್ಟಳು, ಗೋಡೆಯ ಗಡಿಯಾರದ ಮೇಲೆ ಕಣ್ಣು ನೆಟ್ಟು ಪೂರ್ತಿ ಒಂದು ನಿಮಿಷ ನಿಂತಳು. ಆಮೇಲೆ ಪ್ರಾಧ್ಯಾಪಕರ ಕಡೆ ತಿರುಗಿದಳು. ಆ ಹುಡುಗಿಯಲ್ಲಿ ಅಷ್ಟು ದೊಡ್ಡ ದನಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

“ನಾಡಿ ನೂರಾ ನಾಕು,” ಎಂದಳು. “ರೋಗಿಗೆ ಕುರ್ಚಿ ಕೊಡ್ರಿ.”

ಕುಲಸಚಿವರು ತಮ್ಮ ಕುರ್ಚಿ ಬಿಟ್ಟು ಎದ್ದರು. ರೋಗಿ ಹೋಗಿ ಕೂತ.